ದೋಣಿಗೆ ಬಾಗಿದವರು

ಬ್ಯಾಡಗಿ ಪೇಟೆಯಲ್ಲಿ ಕೆಮ್ಮದ ಮನುಷ್ಯನಿಲ್ಲ. ದಲಾಲರು ಕೆಮ್ಮುತ್ತಲೇ ದರ ಕೂಗುತ್ತಾರೆ, ಹಮಾಲರು ಕೆಮ್ಮುತ್ತಲೇ ಚೀಲ ಎತ್ತುತ್ತಾರೆ, ಶಾಲೆಯ ಮಕ್ಕಳು ಕೆಮ್ಮುತ್ತಲೇ ಮಗ್ಗಿ ಒಪ್ಪಿಸುತ್ತಾರೆ. ಒಣಮೆಣಸಿನಕಾಯಿಯ ಘಾಟು ಆ ಊರಿನ ಗಾಳಿಯಲ್ಲಿ ಮೈಗೂಡಿಹೋಗಿದೆ. ಹೀಗಾಗಿ ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಗುಮಾಸ್ತಿಕೆ ಮಾಡುವ ಮೈಲವ್ವ, ಎದೆ ಕಟ್ಟಿಬಂದಾಗಲೆಲ್ಲ ಆ ಥಂಡಿ ಕೋಣೆಯ ದಪ್ಪ ಬಾಗಿಲೆಳೆದುಕೊಂಡು, ಸಾಲಾಗಿ ಒಟ್ಟಿದ ಮೆಣಸಿನಕಾಯಿ ಚೀಲಗಳಿಗೆ ಮುಖ ಕೊಟ್ಟು ನಾಯಿಯಂತೆ ಬೊಗಳುತ್ತಾಳೆಂದು ಒಂದು ನರಪಿಳ್ಳೆಗೂ ಅನುಮಾನ ಬಂದಿರಲಿಲ್ಲ. ಹೊರಗೆ ಕುಳಿತು ಕಾಯಿಯ ತೊಟ್ಟು ಮುರಿಯುವ ಹೆಂಗಸರಿಗೆ ಅದು ಕೆಮ್ಮಾಗಿಯೇ ಕೇಳುತ್ತಿತ್ತು.

"ಎಂಥಾ ಕೆಮ್ಮ ಯವ್ವಾ ನಿಂದು, ಎದಿ ಹರಕೊಂಡು ಬಂದಂಗ ಬರತೈತಿ," ಎಂದು ಅವರಲ್ಲೊಬ್ಬಳಾದ ಜೈತೂನಬಿ ಸೆರಗಿನ ಗಂಟಿನಿಂದ ಬೆಲ್ಲದ ಚೂರು ಬಿಚ್ಚಿ ಕೊಡುತ್ತಿದ್ದಳು. "ಇದನ್ನ ದವಡಿಗಿ ಇಟಗೊ. ಡಾಕ್ಟರಗ ತೋರಸು ಅಂದ್ರ ಕೇಳವಲ್ಲಿ, ಒಳಗ ಏನ ಬೆಳಸಿಟಗೊಂಡೀಯೋ ಏನೋ."

"ಘಾಟು ಬೇ, ಬರೇ ಘಾಟು," ಎಂದು ಮೈಲವ್ವ ಬೆಲ್ಲ ಬಾಯಿಗೆ ಹಾಕಿಕೊಂಡು ಹೋಗಿ ಕುರ್ಚಿಯಲ್ಲಿ ಕೂತು ಲೆಕ್ಕದ ಪುಸ್ತಕ ಎಳೆದುಕೊಳ್ಳುತ್ತಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆ. ಯಾಕೆಂದರೆ ಹಾವೇರಿ ಜಿಲ್ಲೆಯಲ್ಲಿ ಮನುಷ್ಯರನ್ನು ನಾಯಿಯಂತೆ ಬೊಗಳಿಸುವ ಪದ್ಧತಿಯ ವಿರುದ್ಧ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುವವಳು ಅವಳೇ.

ಶನಿವಾರ ಮಧ್ಯಾಹ್ನ ರಾಣೇಬೆನ್ನೂರಿನ ಬಸ್ಸು ಹತ್ತಿದಳೆಂದರೆ ಮೈಲವ್ವ ಬೇರೆಯೇ ಹೆಂಗಸು. ಬೀಜದ ಅಂಗಡಿಯೊಂದರ ಮಾಳಿಗೆಯ ಮೇಲೆ ಓದುಬಳಗ ಸೇರುತ್ತಿತ್ತು. ಮುರುಕು ಬೆಂಚು, ಕೈಯಿಂದ ಕೈಗೆ ತಿರುಗಿ ಬೆನ್ನು ಕಿತ್ತುಹೋದ ಪುಸ್ತಕಗಳು, ಕೆಳಗಿನಿಂದ ಏರಿಬರುವ ಔಷಧಿ ಹಾಕಿದ ಹತ್ತಿಬೀಜದ ವಾಸನೆ. ಅಲ್ಲೇ ಅವಳು ಓದು ಕಲಿತಳು, ಸಿಟ್ಟಿಗೆ ಶಬ್ದ ಹುಡುಕಿಕೊಂಡಳು, ಮೈಕಿನ ಮುಂದೆ ನಿಲ್ಲುವುದನ್ನು ಕಲಿತಳು. ಅವಳ ಒಂದು ಭಾಷಣವನ್ನಂತೂ ಜನ ಹೇಳಿಸಿ ಕೇಳುತ್ತಿದ್ದರು. "ನನ್ನ ಅಪ್ಪ ತಿರಕಪ್ಪ ಗೊರವನಾಗಿದ್ದ," ಎಂದು ಅವಳು ಆರಂಭಿಸುತ್ತಿದ್ದಳು. "ಒಂಬತ್ತರ ಹುಡುಗಿಯಾಗಿದ್ದ ನನ್ನನ್ನೂ ಗೌಡರ ಅಂಗಳದಲ್ಲಿ ನಾಯಿ ಮಾಡಿದರು. ನಾನು ಅತ್ತೆ. ಅಳುತ್ತಳುತ್ತಲೇ ನೆಲದ ಮೇಲಿನ ದೋಣಿಗೆ ಬಾಯಿ ಹಾಕಿದೆ." ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು.

ಗೊರವರೆಂದರೆ ದೇವರಗುಡ್ಡದ ಮೈಲಾರನಿಗೆ ನಡೆದುಕೊಳ್ಳುವ ಮಂದಿ. ಕರಿಕಂಬಳಿ ಹೊದ್ದು, ಹಣೆಗೆ ಭಂಡಾರದ ಅರಿಸಿನ ಬಡಿದುಕೊಂಡು, ತಾವು ಮೈಲಾರನ ನಾಯಿಗಳು ಎಂದುಕೊಳ್ಳುವವರು. ಉಳ್ಳವರು ಹರಕೆ ಹೊತ್ತರೆ ಐತವಾರ ಅವರನ್ನು ಅಂಗಳಕ್ಕೆ ಕರೆಸುತ್ತಾರೆ. ಗೊರವರು ತಂದ ದೋಣಿಗೆ, ಅಂದರೆ ಮರದ ಬೋಗುಣಿಗೆ, ಹಾಲು ಬಾಳೆಹಣ್ಣು ಬೆಲ್ಲ ತುಪ್ಪ ಸುರಿದು ನೆಲಕ್ಕಿಡುತ್ತಾರೆ. ಗೊರವರು ಕೈಕಾಲೂರಿ, ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತ ಬಂದು ಬರೀ ಬಾಯಿಂದ ತಿನ್ನಬೇಕು; ಇದಕ್ಕೇ ಸೇವೆ ಎನ್ನುತ್ತಾರೆ. ಹರಕೆಯವರು ಸುತ್ತ ನಿಂತು ನೋಡುತ್ತಾರೆ. ನೋಡುವವರು ಯಾವಾಗಲೂ ದೊಡ್ಡ ಮನೆಗಳವರು, ನೆಲಕ್ಕೆ ಬೀಳುವವರು ಯಾವಾಗಲೂ ಕೇರಿಯವರು. ಇದೊಂದು ಎಂದೂ ಅದಲುಬದಲಾದದ್ದಿಲ್ಲ.

ಎರಡು ಸಾವಿರದ ನಾಲ್ಕನೆಯ ಇಸವಿಯ ಆ ಶನಿವಾರ ಬಳಗದಲ್ಲಿ ಕಾವು ಹೆಚ್ಚಿತ್ತು. ಬಳಗದ ಮುಂದಾಳು ವಿಜಯಮಹಾಂತೇಶ. ರಾಣೇಬೆನ್ನೂರಿನ ಅಂಗಡಿಕಾರರ ಮನೆತನದವನು, ವಕೀಲಿ ಓದಿದವನು, ಮಾತಿನಲ್ಲಿ ಬೆಂಕಿ, ಅಂಗಿಯಲ್ಲಿ ಇಸ್ತ್ರಿ.

"ಮುಂದಿನ ಸೋಮವಾರ ಹಾವೇರ್‍ಯಾಗ ಜಿಲ್ಲಾ ಕಚೇರಿ ಸಾಹೇಬ್ರ ಮುಂದ, ಸೇವಾ ಬಂದ್ ಮಾಡಸ್ರಿ ಅನ್ನೂ ನಮ್ಮ ಅರ್ಜಿ ವಿಚಾರಣಿ ಐತಿ," ಎಂದ. "ಎದುರಿನ ಗೌಡ್ರ ಕಡೆಯವರು ಅಂಥಾದ್ದು ಈಗೆಲ್ಲಿ ಐತ್ರಿ ಅಂತ ಹೇಳಾಕತ್ತಾರ. ಸಾಹೇಬ್ರು ಪುರಾವಿ ಕೇಳ್ತಾರ."

"ಪುರಾವಿ ಬೇಕಂದ್ರ ಫೋಟೋ ಹೊಡಕೊಂಡು ಬರ್ರಿ," ಎಂದಳು ಮೈಲವ್ವ. "ಮುಂದಿನ ಐತವಾರ ತಾಲೂಕಿನ್ಯಾಗ ಎಲ್ಲಿ ಸೇವಾ ಆಕ್ಕತೋ ಅಲ್ಲಿ ಹೋಗಿ ನಿಲ್ರಿ. ಮಾರಿ ಕಾಣಂಗ ಹೊಡೀರಿ. ನೋಡಿದ್ರ ಸಾಹೇಬ್ರಿಗೆ ಗಂಟಲಾಗ ಕೂಳು ಇಳೀಬಾರದು."

ಎಲ್ಲರೂ ಒಪ್ಪಿದರು. ಆಮೇಲೆ ಫಕ್ಕೀರೇಶ ಸರ್ ಮಾತಿಗೆ ಎದ್ದರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಯಾರೂ ಓದದ್ದನ್ನು ಓದುವುದೇ ಅವರ ಚಟ.

"ಇವತ್ತ ನಾನು ಹೇಳೂದು ನಾಸ್ಟಿಕ್ ಅನ್ನೋ ಪಂಥದವರ ಸುದ್ದಿ," ಎಂದರು.

"ನಮ್ಮ ಮಂದೀನ ಬಿಡ್ರಿ ಸರ್, ಗೊತ್ತಿದ್ದದ್ದ!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

"ನಾಸ್ತಿಕರಲ್ಲೋ ಮಾರಾಯ. ದೇವರಿಲ್ಲ ಅಂದವರಲ್ಲ ಇವರು. ದೇವರ ಗಾದಿ ಮ್ಯಾಲ ಕುಂತಾಂವ ಖರೇ ದೇವರಲ್ಲ ಅಂದವರು. ಅದು ಇನ್ನೂ ಕೆಟ್ಟ ಮಾತು. ಅದಕ್ಕ ಅವರ ಪುಸ್ತಕ ಸುಟ್ರು. ಉಳದದ್ದನ್ನ ಯಾರೋ ಗಡಿಗ್ಯಾಗ ಹಾಕಿ ಈಜಿಪ್ತಿನ ಮಣ್ಣಾಗ ಹುಗದಿಟ್ಟಿದ್ರು, ನಮ್ಮ ಕಾಲದಾಗ ಸಿಕ್ಕಾವು." ಫಕ್ಕೀರೇಶರು ಕನ್ನಡಕ ತೆಗೆದು ಧೋತರದ ತುದಿಗೆ ಒರೆಸಿದರು. "ಅವರು ಏನಂದ್ರಂದ್ರ, ಈ ಜಗತ್ತು ಮಾಡಿದಾಂವ ಒಬ್ಬ ಕುರುಡ ಯಜಮಾನ. ನನ್ನ ಮ್ಯಾಲ ಯಾರೂ ಇಲ್ಲ ಅಂತ ಎದಿ ಬಡಕೊಳ್ಳಾಂವ. ಆದ್ರ ಅಂವ ಮಾಡಿದ ಮಣ್ಣಿನ ಗೊಂಬಿಯೊಳಗ ಅವಗೂ ಗೊತ್ತಿಲ್ಲದಂಗ ಒಂದು ಕಿಡಿ ಸೇರಕೊಂಡೈತಿ. ಪೂಜಾ ಮಾಡಿದ್ರ ಅದು ಸಿಗೂದಿಲ್ಲ. ಸಾಚಾ ಆಗಿ ಬದುಕಿದ್ರೂ ಸಿಗೂದಿಲ್ಲ. ನೀನು ಎಲ್ಲಿ ನಾಚಿಕಿಪಟ್ಟು ಮುಚ್ಚಿ ಇಟಗೊಂಡಿ, ಅಲ್ಲೇ ಅದು ಕುಂತಿರತೈತಿ. ನಿನ್ನೊಳಗ ಒಂದಕ್ಕೊಂದು ತಿಕ್ಕಾಡೂ ಎರಡನ್ನೂ ನನ್ನವಂತ ಅರತಾಗ ಅಷ್ಟ ಬಿಡುಗಡಿ. ಅರಿವೇ ಬಿಡುಗಡಿ."

"ಇದ್ರಾಗ ಹೋರಾಟ ಎಲ್ಲಿ ಬಂತ್ರಿ ಸರ್?" ಎಂದ ವಿಜಯಮಹಾಂತೇಶ.

"ಯಜಮಾನ ಸುಳ್ಳು ಅಂದಾರಲ್ಲೋ ತಮ್ಮಾ, ಇನ್ನೇನ ಬೇಕು ನಿನಗ?"

ಎಲ್ಲರೂ ನಕ್ಕರು. ಮೈಲವ್ವ ನಗಲಿಲ್ಲ. ಚಹಾದ ಕಪ್ಪು ಕೈಯಲ್ಲೇ ಆರಿತು. ನಾಚಿಕೆಪಟ್ಟು ಮುಚ್ಚಿಟ್ಟ ಜಾಗ ಎಂದಾಗ ಅವಳಿಗೆ ಕಂಡದ್ದು ಆ ಥಂಡಿ ಕೋಣೆ, ಆ ದಪ್ಪ ಬಾಗಿಲು. ಅಲ್ಲಿ ಇರುವುದು ಕಿಡಿಯೇ? ಹೊಲಸು ಅಂದುಕೊಂಡಿದ್ದೆನಲ್ಲ?

ಎರಡು ದಿನ ಕಳೆದು ಅವಳ ತಾಯಿ ಭರಮವ್ವ ಕುಪ್ಪೇಲೂರಿನಿಂದ ಬಸ್ಸು ಹತ್ತಿ ಕೋಲ್ಡ್ ಸ್ಟೋರೇಜಿನ ಗೇಟಿಗೇ ಬಂದು ನಿಂತಳು. ಕಂಕುಳಲ್ಲಿ ಗಂಟು. ಬೇವಿನ ಮರದ ಕೆಳಗೆ ಕೂತು ಗಂಟು ಬಿಚ್ಚಿದರೆ ಒಳಗೆ ಅಪ್ಪನ ದೋಣಿ, ಬೋರಲಾಗಿ.

"ನಿಮ್ಮಪ್ಪ ಹೋಗಿ ವರ್ಷಾಗಾಕ ಬಂತು," ಎಂದಳು ಭರಮವ್ವ. "ಇನ್ನೂ ಬೋರಲ ಬಿದ್ದೈತಿ ನೋಡಿದು. ಹೊಟ್ಟ್ಯಾಗ ಹುಟ್ಟಿದವರು ಒಮ್ಮೆರ ಅಂಗಾತ ಮಾಡಿ ಸೇವಾಕ್ಕ ಇಳೀದಿದ್ರ ಆ ಜೀವ ಊರ ಹೊರಗ ನಿಂತಿರತೈತಿ. ನಮ್ಮೂರ ನಾಗಪ್ಪಗೌಡ್ರು ಸೊಸಾಯಿಟಿ ಎಲೆಕ್ಷನ್ ಗೆದ್ದಾರ, ಈ ಐತವಾರ ಸೇವಾ ಹಚ್ಚ್ಯಾರ. ನೀ ಬರಬೇಕು."

"ಯವ್ವಾ, ನಾ ಏನ ಮಾಡಾಕತ್ತೇನಿ ಅನ್ನೂದರ ಗೊತ್ತೈತೇನ ನಿನಗ?"

"ಗೊತ್ತೈತೇಳ. ಭಾಷಣ ಮಾಡ್ತಿ. ಅಳಿಸಿ ನಾಯಿ ಮಾಡಿದ್ರು ಅಂತ ಹೇಳಕೋತ ತಿರಗತಿ." ಭರಮವ್ವನ ದನಿ ಏರಿತು. "ಯಾರ ಅಳಿಸಿದ್ರ ನಿನ್ನ? ಹಾಂ? ಸಾಕು ಏಳ ಅಂತ ನಾ ಜಗ್ಗಾಕ ಬಂದ್ರ ನನ್ನ ಕೈ ಕಚ್ಚಿದ್ದಿ. ಇಲ್ಲಿ ನೋಡು, ಇಲ್ಲಿ! ಕಲಿ ಇನ್ನೂ ಹೋಗಿಲ್ಲ. ಅಳೂ ಕೂಸು ಕಚ್ಚತೈತೇನ?"

ಮುಂಗೈ ಮೇಲೆ ಹಲ್ಲಿನ ಗುರುತು ಬೆಳ್ಳಗೆ ಕೂತಿತ್ತು. ಮೈಲವ್ವ ಅದನ್ನು ಎಷ್ಟೋ ಸಲ ನೋಡಿದ್ದಳು, ಎಂದೂ ಏನೆಂದು ಕೇಳಿರಲಿಲ್ಲ. ಕೇಳಬೇಕಾದ ಅಗತ್ಯವಿರಲಿಲ್ಲ.

ಅವಳಿಗೆ ಎಲ್ಲವೂ ನೆನಪಿತ್ತು. ವರ್ಷವಿಡೀ ಅಪ್ಪ ಗೌಡರ ಮುಂದೆ ಕತ್ತು ಎತ್ತಿದವನಲ್ಲ. ಅವರ ಚಪ್ಪಲಿಯ ಬಣ್ಣ ಗೊತ್ತು, ಕಣ್ಣಿನ ಬಣ್ಣ ಗೊತ್ತಿರಲಿಲ್ಲ. ಆ ಒಂದು ದಿನ ಮಾತ್ರ ಅರಿಸಿನ ಬಳಿದ ಮುಖ ಮೇಲೆತ್ತಿ, ಗೌಡರ ಮುಖಕ್ಕೆ ಮುಖ ಕೊಟ್ಟು, ಅಂಗಳದ ಕಲ್ಲು ಅದುರುವಂತೆ ಬೊಗಳಿದ. ಗೌಡರು ಕೈ ಮುಗಿದು ಒಂದು ಹೆಜ್ಜೆ ಹಿಂದೆ ಸರಿದರು. ಒಂಬತ್ತರ ಹುಡುಗಿ ಅಪ್ಪನ ಪಕ್ಕದಲ್ಲಿ ಕೈಯೂರಿ ಬೊಗಳಿದಾಗ ತನ್ನ ಮೈ ಆ ಮನೆಯಷ್ಟು ದೊಡ್ಡದಾಗಿದೆ ಅನ್ನಿಸಿತ್ತು. ಅದು ಖುಷಿ. ಆಮೇಲೆ ದೋಣಿಗೆ ಬಾಯಿ ಹಾಕಿದಾಗ ಗೌಡರ ಮನೆಯ ಹುಡುಗರು ಪಡಸಾಲೆಯಿಂದ ಕಿಸಕ್ಕನೆ ನಕ್ಕಿದ್ದರು. ಅದು ಅವಮಾನ. ಇಪ್ಪತ್ತೈದು ವರ್ಷ ಅವಳು ಎರಡನೆಯದನ್ನಷ್ಟೇ ಲೋಕಕ್ಕೆ ಹೇಳಿದಳು, ಮೊದಲನೆಯದನ್ನು ಮೆಣಸಿನಕಾಯಿ ಚೀಲಗಳಿಗೆ ಹೇಳಿದಳು.

"ನಾ ಬರೂದಿಲ್ಲ," ಎಂದಳು.

"ಬರಬ್ಯಾಡ ಹಂಗಾರ," ಎಂದು ಭರಮವ್ವ ಗಂಟು ಕಟ್ಟಿಕೊಂಡು ಎದ್ದಳು. "ನಿಮ್ಮಪ್ಪನ್ನ ಹೊರಗ ನಿಲ್ಲಸಿ ನೀ ಕುರ್ಚಿ ಮ್ಯಾಲ ಕುಂದ್ರು."

ಮೈಲವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬರೆದ ಲಾಟ್ ನಂಬರುಗಳೆಲ್ಲ ತಪ್ಪಿ, ಮಾಲೀಕ ಬೈದ. ಅರ್ಧ ದಿನದ ರಜೆ ಹಾಕಿ ರಾಣೇಬೆನ್ನೂರಿಗೆ ಹೋಗಿ ಫಕ್ಕೀರೇಶ ಸರ್ ಮನೆಯ ಬಾಗಿಲು ಬಡಿದರೆ ಒಳಗೆ ಗಂಟೆ ಬಾರಿಸುವ ಸದ್ದು. ಸರ್ ಮಡಿಯುಟ್ಟು ದೇವರ ಜಗಲಿಯ ಮುಂದೆ ನಿಂತಿದ್ದರು, ಕೈಯಲ್ಲಿ ಆರತಿ. ಹೆಂಡತಿ ಪಕ್ಕದಲ್ಲೇ ಕಾವಲು.

"ನೋಡಿದಿ? ಬಳಗದಾಗ ಹೇಳಬ್ಯಾಡ ಮತ್ತ," ಎಂದು ಕಟ್ಟೆಗೆ ಬಂದು ಕೂತರು. "ಮನ್ಯಾಗ ಗಂಟಿ, ಮಾಳಿಗಿ ಮ್ಯಾಲ ಭಾಷಣ. ಮೂವತ್ತು ವರ್ಷ ಆತು. ಏನ ಬಂದಿದ್ದಿ?"

"ಸರ್, ನನ್ನೊಳಗ ನಾಯಿ ಐತ್ರಿ," ಎಂದಳು. ಹೇಳಿದ ಮೇಲೆ ತಡೆಯಲಾಗಲಿಲ್ಲ. ಅಪ್ಪ, ಅಂಗಳ, ಕಚ್ಚಿದ ಕೈ, ಥಂಡಿ ಕೋಣೆ, ಬೆಲ್ಲದ ಚೂರು, ಎಲ್ಲ ಹೇಳಿದಳು. "ನಾನು ಕಳ್ಳಿ ರೀ. ಬೊಗಳಿಸೂದು ತಪ್ಪು ಅಂತ ಹೇಳಕೋತ ಒಳಗ ಬೊಗಳತೇನಿ."

ಫಕ್ಕೀರೇಶರು ಮಡಿಯ ತುದಿಗೆ ಕನ್ನಡಕ ಒರೆಸಿಕೊಂಡರು. "ಅದು ಯಾರ ಮ್ಯಾಲ ಬೊಗಳತೈತಿ?" ಎಂದು ಕೇಳಿದರು.

"ಅಂದ್ರ?"

"ನಾಯಿ ಸುಮ್ಮನ ಬೊಗಳೂದಿಲ್ಲ ತಂಗಿ. ಮೈಲಾರನ ನಾಯಿ ಅಂತಾರ, ಆದ್ರ ತನ್ನ ಒಡೆಯನ ಮ್ಯಾಲ ಯಾವ ನಾಯೀನೂ ಬೊಗಳೂದಿಲ್ಲ. ಮತ್ತ ಯಾರ ಮ್ಯಾಲ?"

"ನಿಮ್ಮ ಪುಸ್ತಕದಾಗ ಇಲ್ಲೇನ್ರಿ ಉತ್ತರ?"

"ಪುಸ್ತಕದಾಗ ಭಾಳ ಐತಿ. ಓದಿ ಓದಿ ನಾನು ಗಂಟಿ ಬಾರಸ್ಕೋತ ನಿಂತೇನಿ. ನನ್ನ ನಂಬಬ್ಯಾಡ," ಎಂದು ನಕ್ಕರು, ಆದರೆ ನಗು ಮುಖದಲ್ಲಿ ನಿಲ್ಲಲಿಲ್ಲ.

ಐತವಾರ ಬೆಳಿಗ್ಗೆ ಮೈಲವ್ವ ಕುಪ್ಪೇಲೂರಿನ ಬಸ್ಸಿನಲ್ಲಿದ್ದಳು. ಯಾರ ಮೇಲೆ ಎಂಬ ಸರ್ ಪ್ರಶ್ನೆ ದಾರಿಯುದ್ದಕ್ಕೂ ಕಿವಿಯಲ್ಲಿತ್ತು. ಇಳಿದಾಗ ಭರಮವ್ವ ಕಾದು ನಿಂತಿದ್ದಳು. ಅಪ್ಪನ ಕರಿಕಂಬಳಿ ತಂದು ಮಗಳ ಹೆಗಲಿಗೆ ಹಾಕಿ, ಹಣೆಗೆ ಭಂಡಾರ ಬಳಿದಳು, ಅಷ್ಟೆ.

ನಾಗಪ್ಪಗೌಡರ ಅಂಗಳ ತುಂಬಿತ್ತು. ಗೆದ್ದ ಹುರುಪಿನಲ್ಲಿ ಗೌಡರು ಹೊಸ ರುಮಾಲು ಸುತ್ತಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ತಾಯಿ ಕರೆವ್ವ, ಎಂಬತ್ತು ದಾಟಿದ ಹಣ್ಣು ಮುದುಕಿ, ಮಂಚದ ಮೇಲೆ. ಬಂದ ಇಬ್ಬರು ಮುದಿ ಗೊರವರು ಆಗಲೇ ಭಂಡಾರ ಹಚ್ಚಿಕೊಂಡು ಡಮರುಗ ಬಾರಿಸುತ್ತಿದ್ದರು. ಮೈಲವ್ವ ಬೋರಲಿದ್ದ ದೋಣಿಯನ್ನು ಅಂಗಾತ ಮಾಡಿ ನೆಲಕ್ಕಿಟ್ಟಳು. ತಲೆಯೆತ್ತಿದರೆ ಕಂಬದ ಹಿಂದೆ ವಿಜಯಮಹಾಂತೇಶ, ಕೊರಳಲ್ಲಿ ಕ್ಯಾಮೆರಾ.

ಅವಳನ್ನು ಕಂಡು ಅವನ ಬಾಯಿ ತೆರೆದೇ ಉಳಿಯಿತು. ಅವಳೇ ಹೇಳಿದ್ದಳಲ್ಲ, ಮಾರಿ ಕಾಣಂಗ ಹೊಡೀರಿ ಎಂದು. ಅವನು ಮೆಲ್ಲಗೆ ಕ್ಯಾಮೆರಾ ಎತ್ತಿದ.

ಗೌಡರ ಆಳು ದೋಣಿಗೆ ಹಾಲು ಸುರಿದ. "ಏಳು ಕೋಟಿ, ಏಳು ಕೋಟಿಗೋ" ಎಂದು ಕೂಗೆದ್ದಿತು. ಮುದಿ ಗೊರವರು ನೆಲಕ್ಕೆ ಬಿದ್ದರು. ಮೈಲವ್ವ ಮೊಣಕಾಲೂರಿದಳು, ಕೈಯೂರಿದಳು. ಮಣ್ಣಿನ ತಂಪು ಅಂಗೈಗೆ ತಾಗಿದ್ದೇ ತಡ, ಅಷ್ಟು ವರ್ಷ ಚೀಲಗಳಿಗೆ ಬಡಿದು ವಾಪಸು ಬರುತ್ತಿದ್ದ ದನಿ ಬಯಲಿಗೆ ಬಂತು. ಅದು ಕೆಮ್ಮಾಗಿರಲಿಲ್ಲ. ಹಕ್ಕಿಗಳು ಮಾಳಿಗೆಯಿಂದ ಹಾರಿಹೋದವು.

ಬೊಗಳುತ್ತ ಅವಳು ನೋಡಿದಳು, ಯಾರ ಮೇಲೆ ಎಂದು. ಮೊದಲು ಗೌಡರ ಮೇಲೆ, ಹೌದು; ಆ ಕುರ್ಚಿ, ಆ ರುಮಾಲು, ನನ್ನ ಮೇಲೆ ಯಾರೂ ಇಲ್ಲ ಅನ್ನುವ ಆ ಕೂತ ಭಂಗಿ. ಆಮೇಲೆ ದನಿ ತಿರುಗಿ ವಿಜಯಮಹಾಂತೇಶನ ಕ್ಯಾಮೆರಾದ ಗಾಜಿನ ಕಣ್ಣಿನ ಮೇಲೆ ಹೋಯಿತು. ಆಮೇಲೆ ತಾಯಿಯ ಮೇಲೆ. ಕೊನೆಗೆ ಮೈಕಿನ ಮುಂದೆ ಅರ್ಧ ಮಾತಾಡಿ ಚಪ್ಪಾಳೆ ತೆಗೆದುಕೊಂಡ ತನ್ನ ಮೇಲೇ. ಬೊಗಳಿದಷ್ಟೂ ಒಳಗೆ ಏನೋ ಬೆಳಗಾಗುತ್ತಿತ್ತು. ದೋಣಿಯಲ್ಲಿನ ಹಾಲು ಕಂಡಾಗ ಅವಳಿಗೆ ಥಟ್ಟನೆ ಗೊತ್ತಾಯಿತು: ಬೊಗಳು ತನ್ನದು, ಹುಟ್ಟಿನಿಂದ ತನ್ನದು. ನೆಲದ ಕೂಳು ಗೌಡರದು. ಆ ಬೊಗಳನ್ನು ಒಂದು ದಿನಕ್ಕೆ ಬಿಟ್ಟುಕೊಟ್ಟು, ಅದಕ್ಕೆ ದಂಡವಾಗಿ ಇದನ್ನು ತಿನ್ನಿಸುತ್ತಾರೆ.

ಮುದಿ ಗೊರವರು ಬಾಯಿ ಹಾಕಲು ಬಗ್ಗಿದರು. ಮೈಲವ್ವ ಅವರಿಗೆ ಅಡ್ಡ ಬಿದ್ದು ದೋಣಿ ಎತ್ತಿಕೊಂಡಳು. ಮೊಣಕಾಲ ಮೇಲೆಯೇ ಸರಿದು ಹೋಗಿ ಗೌಡರ ಕಾಲ ಬುಡದಲ್ಲಿಟ್ಟಳು.

"ಇಳೀರಿ ಗೌಡ್ರ," ಎಂದಳು. "ಹರಕಿ ನಿಮ್ಮದು. ಬಾಯಿ ಹಾಕ್ರಿ."

ಮುದಿ ಗೊರವರು ಬಗ್ಗಿದಲ್ಲೇ ತಲೆಯೆತ್ತಿದರು.

"ಏನಂದಿ? ಏನಂದ್ಲಲೇ ಅಕಿ?" ಎಂದು ಗೌಡರು ಸುತ್ತ ನೋಡಿದರು.

"ಮೈಲಾರನ ನಾಯಿ ಹೇಳಾಕತ್ತೈತ್ರಿ. ಸೇವಾದಾಗ ನಾಯಿ ಮಾತು ಮೀರಂಗಿಲ್ಲಂತ ನೀವ ಹೇಳ್ತೀರಲ್ಲ. ಇಳೀರಿ."

"ತಿರಕನ ಮಗಳ, ಭಾಷಣ ಮಾಡೂ ಜಾಗಾ ಅಲ್ಲಿದು! ಎಳೀರಲೇ ಅಕಿನ್ನ!"

ಯಾರೂ ಎಳೆಯಲಿಲ್ಲ. ಭಂಡಾರ ಹಚ್ಚಿದ ಮೈಯನ್ನು ಸೇವೆ ಮುಗಿಯುವ ತನಕ ಮುಟ್ಟುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ಆಗಲೇ ಮಂಚ ಕಿರುಗುಟ್ಟಿತು. ಕರೆವ್ವ ಕೆಳಗಿಳಿಯುತ್ತಿದ್ದಳು.

"ಯವ್ವಾ, ನೀ ಎಲ್ಲಿಗೆ?" ಎಂದರು ಗೌಡರು.

"ನೀ ಇಳಿಯಾಂವಲ್ಲ, ನನಗ ಗೊತ್ತೈತಿ," ಎಂದು ಮುದುಕಿ ಸೊಂಟ ಹಿಡಿದುಕೊಂಡೇ ನೆಲಕ್ಕೆ ಕೂತು, ಕೈಯೂರಿ, ದೋಣಿಗೆ ಬಗ್ಗಿದಳು. ಹಲ್ಲಿಲ್ಲದ ಬಾಯಿಂದ ಹಾಲು ಹೀರಿದ ಸದ್ದು ಇಡೀ ಅಂಗಳಕ್ಕೆ ಕೇಳಿತು. ತಲೆಯೆತ್ತಿದಾಗ ಮೂಗಿನ ತುದಿಗೆ ಬಾಳೆಹಣ್ಣು ಮೆತ್ತಿತ್ತು. ಅವಳು ಮೈಲವ್ವನ ಮುಖ ನೋಡಿ ಒಂದು ಸಣ್ಣ, ಒರಟು ದನಿ ತೆಗೆದಳು. ಅದು ಬೊಗಳೇ ಆಗಿತ್ತು. ಆಮೇಲೆ ನಕ್ಕಳು. "ಈ ಮನಿಗೆ ಲಗ್ನಾಗಿ ಬಂದಾಗಿಂದ ಗಂಟಲಾಗಿತ್ತ ಬೇ ಇದು," ಎಂದಳು. "ಹಗುರಾತು."

ಕಂಬದ ಹಿಂದೆ ಕ್ಯಾಮೆರಾ ಕ್ಲಿಕ್ಕೆಂದಿತು.

ಸೊಸೆಯಂದಿರು ಓಡಿಬಂದು ಮುದುಕಿಯನ್ನು ಎತ್ತಿ ಒಳಗೆ ಒಯ್ದು ಬಾಗಿಲು ಹಾಕಿದರು. ಗೌಡರ ಮುಖ ಕಪ್ಪಿಟ್ಟಿತು. ಅವರು ಮೈಲವ್ವನ ಕಡೆ ನೋಡಲೇ ಇಲ್ಲ. ಸೀದಾ ಕಂಬದ ಕಡೆ ಹೋಗಿ ವಿಜಯಮಹಾಂತೇಶನ ಹೆಗಲ ಮೇಲೆ ಕೈ ಹಾಕಿ, "ಬರ್ರಿ ವಕೀಲರ, ಒಳಗ ಕುಂತ ಮಾತಾಡೂಣು," ಎಂದರು.

ಸೋಮವಾರ ಹಾವೇರಿಯ ಕಚೇರಿಯ ಮುಂದೆ ಬಿಸಿಲು ಚುರುಗುಟ್ಟುತ್ತಿತ್ತು. ಹೆದ್ದಾರಿಯ ಲಾರಿಗಳ ಮೊರೆತ ಕಾಂಪೌಂಡಿನ ಒಳಗೂ ಬರುತ್ತಿತ್ತು. ಮೈಲವ್ವ ಬಸ್ಸಿಳಿದು ಬಂದಾಗ ಜೀಪಿನ ಪಕ್ಕದಲ್ಲಿ ವಿಜಯಮಹಾಂತೇಶ ಮತ್ತು ಗೌಡರು ಒಟ್ಟಿಗೆ ನಿಂತು ಕಬ್ಬಿನ ಹಾಲು ಕುಡಿಯುತ್ತಿದ್ದರು.

"ಫೋಟೋ ಎಲ್ಲಿ?" ಎಂದಳು.

"ನಿನ್ನ ಕೂಡ ಆಮ್ಯಾಲ ಮಾತಾಡ್ತೇನಿ," ಎಂದು ಅವನು ಅವಳನ್ನು ಪಕ್ಕಕ್ಕೆ ಕರೆದ. "ಮೊದಲ ಹೇಳು, ನೀ ಅಲ್ಲೇನ ಮಾಡಾಕತ್ತಿದ್ದಿ? ಬಳಗದ ಮಾನ ಕಳದಿ. ಮತ್ತ ಆ ಫೋಟೋ ಕೊಡಾಕ ಬರೂದಿಲ್ಲ. ಅದು ಒಬ್ಬ ವಯಸ್ಸಾದ ಹೆಣ್ಣುಮಗಳ ಘನತೆ ಪ್ರಶ್ನೆ. ನೆಲದ ಮ್ಯಾಲ ಹಂಗ... ಯಾರರ ನೋಡಿದ್ರ ಏನಂತಾರ?"

"ಆ ಇಬ್ಬರು ಗೊರವರಿಗೂ ವಯಸ್ಸಾಗೈತಿ."

"ಅದು ಬ್ಯಾರೆ."

"ಹೆಂಗ ಬ್ಯಾರೆ?"

"ಮೈಲವ್ವ, ತಿಳಕೊ. ಅವರು ರೂಢಿಯವರು. ಕರೆವ್ವಾರು ನಮ್ಮ..." ಎಂದು ಅವನು ನಿಲ್ಲಿಸಿದ. ನಮ್ಮ ಎಂಬ ಶಬ್ದ ಇಬ್ಬರ ನಡುವೆ ಬಿದ್ದುಕೊಂಡಿತು. ಅವನೂ ಅದನ್ನು ಕಂಡ, ಎತ್ತಿಕೊಳ್ಳಲಿಲ್ಲ.

"ನಾನೂ ಅದರಾಗ ಇದ್ದೇನಿ. ನನ್ನ ಮಾರೀನೂ ಐತಿ. ಕೊಡ್ರಿ."

ಅವನು ಕ್ಯಾಮೆರಾದ ಬೆನ್ನು ತೆರೆದ. ರೀಲಿನ ತುದಿ ಹಿಡಿದು ಎಳೆದ. ಕಂದು ಬಣ್ಣದ ಉದ್ದನೆಯ ಸುರುಳಿ ಬಿಸಿಲಿಗೆ ಬಿಚ್ಚಿಕೊಂಡು, ಚಿತ್ರಗಳೆಲ್ಲ ಕೆಟ್ಟು, ಅವನ ಕಾಲ ಮೇಲೆ ಬಿತ್ತು. ಗೌಡರು ಗ್ಲಾಸು ಕೆಳಗಿಟ್ಟು ಮೀಸೆ ಒರೆಸಿಕೊಂಡರು.

ಒಳಗೆ ಎರಡು ಬೆಂಚು. ಒಂದರಲ್ಲಿ ಬಳಗದವರು, ಇನ್ನೊಂದರಲ್ಲಿ ಗೌಡರ ಕಡೆಯವರು, ಅವರ ತುದಿಯಲ್ಲಿ ಮುದುಡಿಕೊಂಡ ಭರಮವ್ವ. ಮೈಲವ್ವ ಹೋದಾಗ ಬಳಗದವರು ಜಾಗ ಬಿಡಲಿಲ್ಲ. ತಾಯಿ ಕಣ್ಣಲ್ಲೇ ಇತ್ತ ಬಾ ಅಂದಳು. ಮೈಲವ್ವ ನಡುವೆ ನಿಂತೇ ಇದ್ದಳು.

ಸಾಹೇಬರು ಕಾಗದ ತಿರುವಿ, "ಎರಡೂ ಕಡೆಯವರು ರಾಜಿಯಾಗಿದ್ದೀರಂತೆ. ಅರ್ಜಿ ವಾಪಸ್ಸು. ಯಾರದಾದರೂ ತಕರಾರು?" ಎಂದರು.

"ಐತ್ರಿ," ಎಂದಳು ಮೈಲವ್ವ.

"ನೀವು ಯಾವ ಕಡೆಯವರು?"

"ನಾಯಿ ಕಡೆಯಾಕ್ರಿ."

ಎರಡೂ ಬೆಂಚುಗಳು ಒಟ್ಟಿಗೆ ನಕ್ಕವು. ಆ ದಿನ ಅವು ಒಟ್ಟಿಗೆ ಮಾಡಿದ ಎರಡನೆಯ ಕೆಲಸ ಅದು. ಸಾಹೇಬರು ನಗಲಿಲ್ಲ, ಹೆಸರು ಕೇಳಿಕೊಂಡು ಟೈಪಿಸ್ಟಿಗೆ ಸನ್ನೆ ಮಾಡಿದರು.

"ಹೇಳಿಕೆ ಕೊಡ್ತೀರಾ? ಅರ್ಜಿಯಲ್ಲಿ ನಿಮ್ಮ ಮಾತೇ ಇದೆ. ಚಿಕ್ಕಂದಿನಲ್ಲಿ ಒತ್ತಾಯದಿಂದ, ಅಳಿಸಿ ಮಾಡಿಸಿದರು ಅಂತ. ಅದನ್ನೇ ಇಡಲೇ?"

ಗಂಟಲಲ್ಲಿ ಆ ಬೊಗಳು ಏರಿ ಬಂತು. ಅವಳು ಅದನ್ನು ನುಂಗಲಿಲ್ಲ. ಅದಕ್ಕೆ ಮಾತಿನ ಮೈ ಕೊಟ್ಟಳು.

"ತಪ್ಪು ಬರಸೇನ್ರಿ. ನಾನು ಅತ್ತಿದ್ದಿಲ್ಲ. ಬೊಗಳಿದ್ದು ನನಗ ಖುಷಿ ಆಗಿತ್ತು. ನಿನ್ನೆ ಮತ್ತ ಬೊಗಳೇನಿ, ನಾಳೆ ಮತ್ತ ಬೊಗಳತೇನಿ. ಅದು ನಂದು, ನಮ್ಮಪ್ಪಂದು. ಯಾರೂ ಅದನ್ನ ಬಂದ್ ಮಾಡಾಕ ಬರೂದಿಲ್ಲ."

"ಕೇಳಿದ್ರೇನ್ರಿ!" ಎಂದು ಗೌಡರ ಬೆಂಚು ಕುಣಿಯಿತು.

"ಇನ್ನೂ ಮುಗದಿಲ್ಲ ಗೌಡ್ರ. ಆದ್ರ ಆ ಕೂಳು ನೆಲಕ್ಕಿಟ್ಟು ನಿಂತು ನೋಡತಾರಲ್ರಿ, ಅದು ಬಂದ್ ಆಗಬೇಕು. ನೋಡೂ ಮಂದಿ ತಾವೂ ಇಳದು ಬಾಯಿ ಹಾಕೂದಿದ್ರ ಹಾಕಲಿ, ಇಲ್ಲಾಂದ್ರ ನಮ್ಮನ್ನ ಇಳಸಬಾರದು. ನಿನ್ನೆ ಕರೆವ್ವ ಇಳದು ಉಂಡಾಳ. ಈಗ ಅಕಿನ್ನ ಒಳಗ ಹಾಕಿ ಬಾಗಲಾ ಹಾಕ್ಯಾರ. ಅಕಿನ್ನ ಕರಸಿ ಕೇಳ್ರಿ."

ಬಳಗದ ಬೆಂಚಿನಿಂದ ವಿಜಯಮಹಾಂತೇಶ ಎದ್ದ. "ಸರ್, ಈಕಿ ನಮ್ಮ ಬಳಗದವಳಲ್ಲ," ಎಂದು ಚೀಲ ಹೆಗಲಿಗೇರಿಸಿ ನಡೆದ. ಅವನ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಎದ್ದರು. ಇತ್ತ ಗೌಡರು ಸಾಹೇಬರ ಮೇಜಿನ ತನಕ ಬಂದು ಹಳ್ಳಿಯ ದೊಡ್ಡವರ ಹೆಸರುಗಳನ್ನೆಲ್ಲ ಹೇಳತೊಡಗಿದರು. ಭರಮವ್ವ, "ಸಾಕು ಬೇ, ಕುಂದ್ರ ಬೇ," ಎಂದು ಅಳುದನಿ ತೆಗೆದಳು.

"ಒಂದು ಹೇಳಿ," ಎಂದರು ಸಾಹೇಬರು. "ನೀವು ಈ ಪದ್ಧತಿಗೆ ಪರವೋ ವಿರೋಧವೋ? ಯಾವುದಾದರೂ ಒಂದು ಬರೆಯಬೇಕಲ್ಲ."

"ಎರಡೂ ಬರೀರಿ."

"ಎರಡು ಹೇಗೆ ಬರೆಯಲಿಕ್ಕೆ ಬರುತ್ತದೆ?"

"ಒಂದ ಬರದಾರ್‍ರಿ ಇಷ್ಟು ವರ್ಷ. ಸುಳ್ಳಾಗೈತಿ."

ಟೈಪಿಸ್ಟು ಕೈ ನಿಲ್ಲಿಸಿ ಸಾಹೇಬರ ಮುಖ ನೋಡಿದ. ಸಾಹೇಬರು ಬಾಗಿಲ ಕಡೆ ನೋಡಿದರು. ಹೊರಗೆ ಬಳಗದವರ ಟೆಂಪೋ ಶುರುವಾದ ಸದ್ದು ಕೇಳಿತು. ರಾಣೇಬೆನ್ನೂರಿನ ಮಾಳಿಗೆಯ ಮೆಟ್ಟಿಲು ತನಗೆ ಇನ್ನಿಲ್ಲ, ಕುಪ್ಪೇಲೂರಿನ ದಾರಿಯೂ ಸುಲಭವಿಲ್ಲ ಎಂಬುದು ಮೈಲವ್ವನಿಗೆ ತಿಳಿಯಿತು. ಗೌಡರ ಪಕ್ಕಕ್ಕೇ ಹೋಗಿ ಸಾಹೇಬರ ಮೇಜಿನ ಅಂಚು ಹಿಡಿದುಕೊಂಡಳು.

"ನನಗ ಅವಸರಿಲ್ರಿ," ಎಂದಳು. "ಹೊಸಾ ಹಾಳಿ ಹಾಕಸ್ರಿ. ನಾ ನಿಂತ ಹೇಳ್ತೇನಿ."